ಹಿಟ್ಟಿನ ಕವರಿಗೆ ಸಿಕ್ಕಿಸಿದ ಹತ್ತು ಸಾಲು

ಬೆಳಗಿನ ಐದು ಗಂಟೆ. ಗಾಜಿಯಾಬಾದಿನ ವಸುಂಧರಾ ಬಡಾವಣೆ, ನೆಲಮಹಡಿಯ ಎರಡು ಕೋಣೆಯ ಮನೆ. ಜಲಜಾ ಮೆಲ್ಲಗೆ ರಜಾಯಿ ಸರಿಸುತ್ತಾರೆ. ಒಳಗೆ ಬೆಚ್ಚಗೆ ಕೂತಿರುವುದು ಎರಡು ದೊಡ್ಡ ಸ್ಟೀಲ್ ಡಬರಿ. ಒಂದರ ಮುಚ್ಚಳಕ್ಕೆ ಕಿವಿ ಹಚ್ಚಿ ಒಂದು ಗಳಿಗೆ ಉಸಿರು ಬಿಗಿಹಿಡಿಯುತ್ತಾರೆ. ಒಳಗೆ ಹಿಟ್ಟು ಉಬ್ಬಿ, ಸಣ್ಣ ಗುಳ್ಳೆಗಳು ಒಡೆಯುವ ಸದ್ದು. ಮುಖದ ಮೇಲೆ ನಗು ಬರುತ್ತದೆ. "ಮಾತಾಡ್ತಿದೆ ಕಣ್ರೀ. ಇವತ್ತು ಬಚಾವ್!"

ಪಕ್ಕದ ಮಂಚದಲ್ಲಿ ತೆಳು ಶಾಲು ಹೊದ್ದು ಮುದುಡಿಕೊಂಡಿರುವ ಗಂಡ ಗುರುರಾಜ ಕಣ್ಣು ಬಿಡದೆಯೇ ಉತ್ತರಿಸುತ್ತಾರೆ. "ಈ ಮನೆಯಲ್ಲಿ ಹಿಟ್ಟಿಗೆ ರಜಾಯಿ, ಗಂಡನಿಗೆ ಶಾಲು. ಮುಂದಿನ ಜನ್ಮದಲ್ಲಿ ಉದ್ದಿನಬೇಳೆಯಾಗಿ ಹುಟ್ತೀನಿ."

"ಹುಟ್ಟಿ. ನಾಲ್ಕು ಗಂಟೆ ನೆನೆಸಿಡ್ತೀನಿ."

ಇದು 2008ರ ಫೆಬ್ರವರಿ. ದೆಹಲಿಯ ಸುತ್ತಮುತ್ತ ಚಳಿ ಇನ್ನೂ ಗಂಟುಮೂಟೆ ಕಟ್ಟಿಲ್ಲ. ನಮ್ಮ ಕಡೆ ರಾತ್ರಿ ರುಬ್ಬಿ ಮುಚ್ಚಿಟ್ಟರೆ ಬೆಳಿಗ್ಗೆ ಹಿಟ್ಟು ತಾನಾಗಿ ಪಾತ್ರೆಯ ಕಂಠಕ್ಕೆ ಬಂದಿರುತ್ತದೆ. ಇಲ್ಲಿ ಡಿಸೆಂಬರ್ ಬಂತೆಂದರೆ ಕೂಸಿನ ಹಾಗೆ ಹೊದಿಸಿ ತಟ್ಟಿ ಮಲಗಿಸಬೇಕು. ಬೇಸಿಗೆಯಲ್ಲಿ ಇದೇ ಹಿಟ್ಟು ಮೂರೇ ಗಂಟೆಯಲ್ಲಿ ಹುಳಿಯೊಡೆದು ಮುಖ ತಿರುಗಿಸುತ್ತದೆ. ಆಗ ಡಬರಿಯ ಸುತ್ತ ಐಸು. ವರ್ಷಪೂರ್ತಿ ಇರುವ ಕಷ್ಟವೆಂದರೆ ಕರೆಂಟಿನದು. ಮಧ್ಯಾಹ್ನ ಗ್ರೈಂಡರ್ ಹಾಕಿ ಅರ್ಧ ರುಬ್ಬುವಷ್ಟರಲ್ಲಿ ಕರೆಂಟು ಹೋದರೆ, ಉಳಿದ ಅರ್ಧವನ್ನು ಬಕೆಟ್ಟಿನಲ್ಲಿ ಹೊತ್ತು ಜನರೇಟರ್ ಇರುವ ಪರಿಚಯದವರ ಮನೆ ಹುಡುಕಿಕೊಂಡು ಓಡಬೇಕು.

ದಿನಕ್ಕೆ ಒಂಬತ್ತು ಕಿಲೋ ಅಕ್ಕಿ, ಎರಡೂಕಾಲು ಕಿಲೋ ಉದ್ದು. ಒಟ್ಟು ಇಪ್ಪತ್ತೆಂಟು ಕವರ್ ಹಿಟ್ಟು. ರಸ್ತೆಯಾಚೆಯ ಇಂದಿರಾಪುರಂನ ಎತ್ತರದ ಕಟ್ಟಡಗಳಿಗೆ ಅದನ್ನು ಮುಟ್ಟಿಸುವುದು ಮಗುವಿನ ತಳ್ಳುಗಾಡಿಯಲ್ಲಿ. ಯಾರೋ ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದದ್ದು. ಮಂಜಿನ ಬೆಳಗಿನಲ್ಲಿ ಎದುರಾದವರು ಮಗುವಿನ ಮುಖ ನೋಡಲು ಬಗ್ಗುತ್ತಾರೆ, ಹಿಟ್ಟು ಕಂಡು ತಬ್ಬಿಬ್ಬಾಗುತ್ತಾರೆ.

ಆದರೆ ಜಲಜಾ ಅವರ ಮನೆಯಲ್ಲಿ ಹಿಟ್ಟಿನ ಜೊತೆಗೇ ಬೆಳಕು ಕಾಣುವ ಇನ್ನೊಂದು ಪದಾರ್ಥವಿದೆ. ಕವರುಗಳನ್ನು ಕಟ್ಟಿಟ್ಟು, ಕೈ ತೊಳೆದು, ಎಮರ್ಜೆನ್ಸಿ ಲೈಟಿನ ಮುಂದೆ ಅವರು ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ನಾಲ್ಕು ಸಣ್ಣ ಹಾಳೆ, ನಡುವೆ ಮೂರು ಕಾರ್ಬನ್. ಬಾಲ್‌ಪೆನ್ನು ಒತ್ತಿಹಿಡಿದು ಕನ್ನಡದಲ್ಲಿ ಹತ್ತು ಸಾಲು ಬರೆಯುತ್ತಾರೆ. ಒಂದು ಸಲಕ್ಕೆ ನಾಲ್ಕು ಚೀಟಿ. ಕನ್ನಡ ಓದುವ ಮನೆಗಳು ಹತ್ತೊಂಬತ್ತು. ಹಾಗಾಗಿ ಅದೇ ಹತ್ತು ಸಾಲನ್ನು ಐದು ಸಲ ಬರೆಯಬೇಕು. ಉಳಿಯುವ ಇಪ್ಪತ್ತನೇ ಚೀಟಿ ತಗಡಿನ ಬಿಸ್ಕತ್ ಡಬ್ಬಿಗೆ. ಮಿಕ್ಕ ಹತ್ತೊಂಬತ್ತು ಒಂದೊಂದು ಕವರಿನ ರಬ್ಬರ್ ಬ್ಯಾಂಡಿಗೆ ಸಿಕ್ಕಿಕೊಂಡು ಇಂದಿರಾಪುರಂಗೆ ಹೊರಡುತ್ತವೆ.

ಏನಿರುತ್ತದೆ ಅದರಲ್ಲಿ? ದೊಡ್ಡ ವಿಚಾರವೇನೂ ಇಲ್ಲ. ಹಿಂದಿನ ದಿನ ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು. ಡಬ್ಬಿಯಿಂದ ತೆಗೆದ ಒಂದು ಚೀಟಿ ಹೀಗಿದೆ:

"ಹತ್ತೊಂಬತ್ತು ವರ್ಷದಿಂದ ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುವುದು ಹಿಂದಿಯಲ್ಲಿ. ಎಣಿಸುವುದು ಮಾತ್ರ ಕನ್ನಡದಲ್ಲಿ. ಅದು ನಾಲಿಗೆಗೆ ಬಿಟ್ಟ ವಿಷಯ, ನನ್ನ ಕೈಯಲ್ಲಿಲ್ಲ. ನಿನ್ನೆ ನಿಂಬೆಹಣ್ಣು ಆರಿಸುತ್ತಿದ್ದೆ. ನಾಲ್ಕು ಎಂದೆ. ಭಯ್ಯಾ ತಾನೇ ಐದು, ಆರು ಎಂದ! ನಾನು ಏಳು ಎಂದೆ, ಅವನು ಎಂಟು ಎಂದ. ಇಬ್ಬರೂ ನಗುತ್ತ ಹತ್ತರವರೆಗೆ ಹೋದೆವು. ನನಗೆ ಬೇಕಿದ್ದದ್ದು ಆರೇ ನಿಂಬೆಹಣ್ಣು. ಇವತ್ತು ನಮ್ಮನೆಯಲ್ಲಿ ಚಿತ್ರಾನ್ನ."

ಜಲಜಾ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು, ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. 1989ರಲ್ಲಿ ಮದುವೆಯಾಗಿ ಬಂದಾಗ ಗುರುರಾಜ ಸಾಹಿಬಾಬಾದಿನ ಕೇಬಲ್ ಕಾರ್ಖಾನೆಯಲ್ಲಿದ್ದರು. 2001ರಲ್ಲಿ ಅದಕ್ಕೆ ಬೀಗ ಬಿತ್ತು. ಈಗ ಅವರು ಮಾಲ್ ಒಂದರಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್. ಬೀಗ ಬಿದ್ದ ತಿಂಗಳಲ್ಲೇ ಜಲಜಾ ಹಿಟ್ಟು ರುಬ್ಬಲು ಕೂತರು. "ಬೇರೆ ಏನು ಬರ್ತಿತ್ತು ನನಗೆ? ಹಿಂದಿ ಆಗ ತರಕಾರಿ ಚೌಕಾಸಿ ಬಿಟ್ಟರೆ 'ಅಚ್ಛಾ, ಚಲೋ' ಅನ್ನೋ ಎರಡು ಮಾತಲ್ಲೇ ನಿಂತಿತ್ತು. ಹಿಟ್ಟಿಗೆ ಭಾಷೆ ಬೇಡವಲ್ಲ."

ಚೀಟಿ ಶುರುವಾದದ್ದು ಬರೆಯುವ ಆಸೆಯಿಂದಲ್ಲ, ಬೈಗುಳದ ಹೆದರಿಕೆಯಿಂದ. ಮೊದಲ ಚಳಿಗಾಲ ಹಿಟ್ಟು ಉಬ್ಬದೆ ಇಡ್ಲಿ ಕಲ್ಲಾದವು. ಮನೆಮನೆಯಲ್ಲೂ ಕ್ಷಮೆ ಕೇಳಿ ಸಾಕಾಗಿ ಒಂದು ದಿನ ಬರೆದು ಸಿಕ್ಕಿಸಿದರು: "ನಿನ್ನೆ ಚಳಿ ಜಾಸ್ತಿ, ಹಿಟ್ಟು ಉಬ್ಬಿಲ್ಲ. ಎರಡು ಗಂಟೆ ಬಿಸಿಲಿಗಿಡಿ." ಮಾರನೆಯ ದಿನ ಬಿಸಿಲೇ ಬರಲಿಲ್ಲ. ಆಗ ಬರೆದದ್ದು: "ಟಿ.ವಿ. ಮೇಲಿಡಿ. ನಮ್ಮನೆಯಲ್ಲಿ ಹಾಗೇ ಮಾಡುವುದು. ಧಾರಾವಾಹಿ ಮುಗಿಯುವ ಹೊತ್ತಿಗೆ ಅರ್ಧ ಉಬ್ಬಿರುತ್ತದೆ, ಟಿ.ವಿ.ಯ ಬಿಸಿಗೋ, ಅತ್ತೆ ಸೊಸೆ ಜಗಳದ ಬಿಸಿಗೋ ಗೊತ್ತಿಲ್ಲ." ಆ ದಿನ ಮೂರು ಮನೆಯಿಂದ ಫೋನು ಬಂತು. ಹಿಟ್ಟಿನ ವಿಷಯಕ್ಕಲ್ಲ, ನಗು ತಡೆಯಲಾಗದೆ.

ಅಲ್ಲಿಂದ ಇದು ಏಳನೇ ಚಳಿಗಾಲ. ಐದನೇ ಮಹಡಿಯ ಸಾತ್ವಿಕ್ ಎಂಬ ಸಾಫ್ಟ್‌ವೇರ್ ಹುಡುಗ ಚೀಟಿಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ. ಕನ್ನಡ ಬಾರದ ಗೇಟಿನ ಗಾರ್ಡು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತ, "ಆಂಟೀಜೀ, ಆಜ್ ಕ್ಯಾ ಲಿಖಾ?" ಎಂದು ಅವತ್ತಿನ ಚೀಟಿಯ ವಿಷಯ ಕೇಳದೆ ಒಳಗೆ ಬಿಡುವುದಿಲ್ಲ. ಜಲಜಾ ತಮ್ಮ ಹಿಂದಿಯಲ್ಲಿ ಹೇಳುತ್ತಾರೆ. ಅವನು ಕಥೆಗೂ ನಗುತ್ತಾನೆ, ಹಿಂದಿಗೂ ನಗುತ್ತಾನೆ. ಗ್ರೇಟರ್ ನೋಯ್ಡಾದಲ್ಲಿ ಕಾಲೇಜು ಓದುವ ಮಗಳು ಪ್ರಕೃತಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. "ಅಮ್ಮಾ, ಮುಝೇ ಪಢ್ ಕೇ ಸುನಾವೋ ನಾ" ಎಂದು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಚೀಟಿ ಓದಿಸಿಕೊಂಡು ಕೇಳುತ್ತಾಳೆ.

ಐದು ಸಲ ಒಂದನ್ನೇ ಬರೆಯುವುದು ಬೇಸರವಲ್ಲವೇ? ಜೆರಾಕ್ಸ್ ಮಾಡಿಸಬಹುದಲ್ಲ? ಜಲಜಾ ತಲೆ ಅಲ್ಲಾಡಿಸುತ್ತಾರೆ. "ಐದೂವರೆಗೆ ಯಾವ ಜೆರಾಕ್ಸ್ ಅಂಗಡಿ ತೆಗೆದಿರುತ್ತೆ? ಅದಲ್ಲದೆ, ಬರೀತಾ ಬರೀತಾ ಗೊತ್ತಾಗುತ್ತೆ. ಮೊದಲ ಸಲ ಚಂದ ಕಂಡ ಸಾಲು ಮೂರನೇ ಸಲಕ್ಕೆ ನಾಚಿಕೆ ಹುಟ್ಟಿಸುತ್ತೆ. ಬಿಟ್ಟುಬಿಡ್ತೀನಿ." ಹೀಗಾಗಿ ಮೊದಲ ಸುತ್ತಿನ ಚೀಟಿಯಲ್ಲಿ ಹನ್ನೆರಡು ಸಾಲಿದ್ದರೆ ಕೊನೆಯ ಸುತ್ತಿನದರಲ್ಲಿ ಒಂಬತ್ತು. ಲಿಫ್ಟಿನಲ್ಲಿ ಭೇಟಿಯಾದವರು ಹೋಲಿಸಿ ನೋಡಿ, "ಅವರಿಗೆ ಜಾಸ್ತಿ, ನಮಗೆ ಕಡಿಮೆ" ಎಂದು ಜಗಳ ತೆಗೆದದ್ದೂ ಉಂಟು.

ಈ ಪದ್ಧತಿಯೇ ಕಳೆದ ಡಿಸೆಂಬರಿನಲ್ಲಿ ಅವರನ್ನು ಸಿಕ್ಕಿಹಾಕಿಸಿತು.

ಹನ್ನೊಂದನೇ ಮಹಡಿಯಲ್ಲಿ ಕೊಡಗಿನ ಕುಟುಂಬವೊಂದಿದೆ. ಮನೆಯೊಡತಿ ಚೋಂದಮ್ಮ, ಐವತ್ತು ದಾಟಿದವರು. ಅವರ ಗಂಡ ಸೈನ್ಯದಿಂದ ನಿವೃತ್ತರು. ಮಗ ಅಯ್ಯಣ್ಣನೂ ಸೈನ್ಯದಲ್ಲೇ. ಜೊತೆಗೆ ಅತ್ತೆ ಮಾಚಮ್ಮ, ಎಂಬತ್ತು ವರ್ಷ. ಆ ಮನೆಗೆ ಕನ್ನಡ ಪತ್ರಿಕೆ ಬರುವುದಿಲ್ಲ. ಮಾಚಮ್ಮನಿಗೆ ದಿನಕ್ಕೆ ಓದಲು ಸಿಗುವ ಕನ್ನಡವೆಂದರೆ ಜಲಜಾರ ಚೀಟಿ ಒಂದೇ. ಭೂತಗನ್ನಡಿ ಹಿಡಿದು, ಒಂದೊಂದು ಅಕ್ಷರವನ್ನೂ ಬಿಡಿಸಿ ಓದುತ್ತಾರೆ. ಕಣ್ಣು ಮಂಜಾದ ಅಜ್ಜಿಗೆ ಕಾರ್ಬನ್ ಪ್ರತಿ ಕಾಣುವುದಿಲ್ಲವೆಂದು ಜಲಜಾ ಯಾವಾಗಲೂ ಮೊದಲ ಸುತ್ತಿನ ಮೇಲಿನ ಹಾಳೆಯನ್ನೇ, ಪೆನ್ನಿನ ಮಸಿ ಕಪ್ಪಗೆ ಕೂತದ್ದನ್ನೇ, ಆ ಮನೆಗೆ ಎತ್ತಿಡುತ್ತಿದ್ದರು.

ಒಂದು ಬೆಳಿಗ್ಗೆ ಬಾಗಿಲು ತೆಗೆದ ಚೋಂದಮ್ಮನ ಕೈಯಲ್ಲಿ ಬಿಳಿ ಬಟ್ಟೆಯ ಪಾರ್ಸೆಲ್ಲು, ದಬ್ಬಣ. ಯಾರಿಗೆ ಎಂದು ಕೇಳಿದರೆ, ಮಗ ಹಿಮದ ಮೇಲಿನ ಠಾಣೆಯಲ್ಲಿದ್ದಾನೆ, ಡಬ್ಬಿಯ ಊಟ ತಿಂದು ನಾಲಿಗೆ ಸತ್ತುಹೋಗಿದೆಯಂತೆ ಎಂದರು. ಉಣ್ಣೆಯ ಕಾಲುಚೀಲದೊಳಗೆ ಕಾಚಂಪುಳಿಯ ಸಣ್ಣ ಸೀಸೆ. ಕೊಡಗಿನವರು ಮಾಂಸದ ಸಾರಿಗೆ ಹಾಕುವ ಕಪ್ಪು ಹುಳಿ ಅದು. ಜಲಜಾರ ಮನಸ್ಸಿಗೆ ಆ ಕಾಲುಚೀಲ ಹಿಡಿದುಬಿಟ್ಟಿತು. ಮಾರನೆಯ ಬೆಳಿಗ್ಗೆ ಬರೆದರು: "ಸೀಸೆ ಒಡೆಯದಿರಲಿ ಎಂದೂ ಕಾಲುಚೀಲ, ಕಾಲು ಬೆಚ್ಚಗಿರಲಿ ಎಂದೂ ಕಾಲುಚೀಲ. ಹಿಮದ ಮೇಲೆ ನಿಂತು ನಮ್ಮನ್ನೆಲ್ಲ ಕಾಯುವ ಹನ್ನೊಂದನೇ ಮಹಡಿಯ ಮಗನಿಗೆ ಅಮ್ಮನ ಕಾವಲು ಇಷ್ಟು."

"ಆ ಎರಡನೇ ಸಾಲಿನ ಮೇಲೆ ನನಗೆ ಸ್ವಲ್ಪ ಜಂಬ ಬಂದಿತ್ತು," ಎನ್ನುತ್ತಾರೆ ಜಲಜಾ. "ಎರಡನೇ ಸುತ್ತು ಬರೆಯುವಾಗಲೇ ಇದು ಭಾಷಣದ ಮಾತು ಅನ್ನಿಸ್ತು. 'ದೂರದ ಮಗನಿಗೆ' ಅಂತ ಮಾತ್ರ ಇಟ್ಟೆ. ಹದಿನಾರು ಚೀಟಿಯಲ್ಲಿ ಹಿಮವೂ ಇಲ್ಲ, ಮಹಡಿಯೂ ಇಲ್ಲ. ಮೊದಲ ಸುತ್ತಿನದು ನಾಲ್ಕರಲ್ಲಿ ಮಾತ್ರ ಉಳೀತು. ಮೇಲಿನ ಹಾಳೆ ಅಭ್ಯಾಸಬಲದಿಂದ ಅಜ್ಜಿಗೇ ಹೋಯ್ತು."

ಜಲಜಾಗೆ ಗೊತ್ತಿರದ ಸಂಗತಿಯೊಂದಿತ್ತು. ಅಯ್ಯಣ್ಣ ಪುಣೆಯಲ್ಲಿ ಆಫೀಸಿನ ಕೆಲಸದಲ್ಲಿದ್ದಾನೆ, ಮೇಜು ಕುರ್ಚಿಯ ಕೆಲಸ ಎಂದು ಮನೆಯವರು ಆರು ತಿಂಗಳಿಂದ ಅಜ್ಜಿಗೆ ಹೇಳಿಕೊಂಡು ಬಂದಿದ್ದರು.

ಮರುದಿನ ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು. ಚೋಂದಮ್ಮ ಹೊಸಿಲಿಗೆ ಅಡ್ಡ ನಿಂತಿದ್ದರು.

"ಇನ್ನು ಹಿಟ್ಟು ಬೇಡ ಜಲಜಾ."

"ಅಕ್ಕಾ, ಏನಾಯ್ತು?"

"ಅತ್ತೆ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ. ಆ ಚೀಟಿ ದಿಂಬಿನ ಕೆಳಗಿಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಆರು ತಿಂಗಳು ನಾನು ಹಿಡಿದಿಟ್ಟದ್ದನ್ನ ಒಂದು ಸಾಲಲ್ಲಿ ಒಡೆದುಬಿಟ್ಟಿರಿ."

"ಅಯ್ಯೋ, ನನಗೆ ಗೊತ್ತಿರಲಿಲ್ಲ ಅಕ್ಕಾ..."

"ಗೊತ್ತಿಲ್ಲದ ಮನೆಯ ವಿಷಯ ಯಾಕೆ ಬರೀಬೇಕು? ಹಿಟ್ಟು ಮಾರ್ತೀರಿ, ಹಿಟ್ಟು ಮಾರಿ. ಹೊಸಿಲಿನ ಒಳಗಿನದು ನಿಮಗೆ ಬೇಡ."

ಬಾಗಿಲು ಮುಚ್ಚಿತು. ಜಲಜಾ ಕವರನ್ನು ತಳ್ಳುಗಾಡಿಗೆ ವಾಪಸು ಇಟ್ಟು ಮುಂದಿನ ಮನೆಗೆ ಹೊರಟರಂತೆ. "ಅವರು ಬೈದದ್ದು ಅನ್ಯಾಯ ಅಂತ ಅನ್ನಿಸಿದ್ದಿದ್ರೆ ಮನೆಗೆ ಬಂದು ಅತ್ತು ಹಗುರಾಗ್ತಿದ್ದೆ. ಆದರೆ ಸರಿಯಾಗೇ ಬೈದಿದ್ದರಲ್ಲ."

ಅಂದಿನಿಂದ ಚೀಟಿ ನಿಂತಿತು. ಹಿಟ್ಟು ಹೋಗುತ್ತಿತ್ತು, ರಬ್ಬರ್ ಬ್ಯಾಂಡ್ ಬರಿದಾಗಿ ಹೋಗುತ್ತಿತ್ತು. ಸಾತ್ವಿಕ್, "ಆಂಟಿ, ಮರೆತಿರಾ?" ಎಂದ. ಗಾರ್ಡು ಎರಡು ದಿನ ಕೇಳಿ, ಮೂರನೆಯ ದಿನ ಮುಖ ನೋಡಿ ರಿಜಿಸ್ಟರು ಮಾತ್ರ ಮುಂದೆ ಸರಿಸಿದ. ಗುರುರಾಜ, "ಹೋಗಲಿ ಬಿಡೆ, ನಿದ್ದೆಯಾದರೂ ಒಂದು ಗಂಟೆ ಹೆಚ್ಚು ಸಿಗುತ್ತೆ" ಎಂದರು. ನಿದ್ದೆ ಬರಲಿಲ್ಲ. ಐದೂವರೆಗೆ ಕೈ ತಾನಾಗಿ ಪೆನ್ನಿನ ಕಡೆ ಹೋಗುತ್ತಿತ್ತು. ಕಾರ್ಬನ್ ಹಾಳೆಗಳನ್ನು ಮಗಳ ಹಳೆಯ ಪುಸ್ತಕಗಳ ಕೆಳಗೆ ಹುದುಗಿಸಿಟ್ಟರು.

ಹತ್ತೊಂಬತ್ತು ದಿನ ಹೀಗೇ ಕಳೆಯಿತು. ಜನವರಿಯ ಒಂದು ಬೆಳಿಗ್ಗೆ ಗಾರ್ಡು ಗೇಟಿನಲ್ಲೇ ತಡೆದ. "ಆಂಟೀಜೀ, ಗ್ಯಾರಹವೀ ಮಂಜಿಲ್ ವಾಲೀ ಮಾತಾಜೀ ಬುಲಾ ರಹೀ ಹೈ. ತೀನ್ ಬಾರ್ ಇಂಟರ್‌ಕಾಮ್ ಕಿಯಾ!" ಚೋಂದಮ್ಮ ವಾಕಿಂಗಿಗೆ ಹೋದ ಹೊತ್ತು ನೋಡಿ ಮಾಚಮ್ಮ ಮೂರು ಸಲ ಇಂಟರ್‌ಕಾಮ್ ಮಾಡಿ ಕರೆಸಿದ್ದರು. ಹಾಲು, ಹಿಟ್ಟು ತರುವವರಿಗೆಂದು ಬಿಟ್ಟ ಲಿಫ್ಟು ಅವತ್ತು ಕೆಟ್ಟಿತ್ತು. ತಳ್ಳುಗಾಡಿಯನ್ನು ಗಾರ್ಡಿಗೆ ಒಪ್ಪಿಸಿ ಜಲಜಾ ಹನ್ನೊಂದು ಮಹಡಿ ಹತ್ತಿದರು. 

ಅಜ್ಜಿ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಏನಮ್ಮಾ, ನನ್ನ ಕಾಗದ ಎಲ್ಲಿ?"

"ತಪ್ಪಾಯ್ತು ಅಜ್ಜಿ. ನಿಮಗೆ ಹೇಳಿರಲಿಲ್ಲ ಅಂತ ನನಗೆ..."

"ಯಾರು ಹೇಳಬೇಕಿತ್ತು ನನಗೆ?" ಮಾಚಮ್ಮ ಕೋಲು ಕುಟ್ಟಿದರು. "ಫೋನಲ್ಲಿ 'ಉಂಡೆಯಾ ಮಗ' ಅಂತೀನಿ. ನಾನು ಎರಡು ಉಸಿರು ಎಳೆದ ಮೇಲೆ 'ಉಂಡೆ ಅಜ್ಜಿ' ಅಂತ ಬರುತ್ತೆ. ಪುಣೆ ಅಷ್ಟು ದೂರ ಇದೆಯಾ? ಇವನ ತಾತನೂ ಬಯಲಿನ ಅಂಬಾಲದಲ್ಲಿದ್ದೀನಿ ಅಂತ ಬರೀತಿದ್ದ. ಪೆನ್ಸಿಲಿನಲ್ಲಿ. ಮಸಿ ಹೆಪ್ಪುಗಟ್ಟೋ ಕಡೆ ಇದ್ದವನು ತಾನೇ ಪೆನ್ಸಿಲು ಹಿಡಿಯೋದು?"

"ಹಾಗಾದರೆ ಮೊದಲೇ ಗೊತ್ತಿತ್ತಾ ಅಜ್ಜಿ?"

"ಗೊತ್ತಿತ್ತು. ಸುಳ್ಳು ಹೇಳಿ ಅಭ್ಯಾಸ ಇಲ್ಲದವಳು ನನ್ನ ಸೊಸೆ. ಅಷ್ಟು ಕಷ್ಟಪಟ್ಟು ಹೇಳ್ತಿದ್ದಳು, ನಂಬದಿದ್ದರೆ ಚೆನ್ನಾಗಿರುತ್ತಾ? ನೀನು ಬರೆದ ಮೇಲೆ ನನಗೆ ನಂಬೋದು ತಪ್ಪಿತು. ಒಂದೆರಡು ದಿನ ಅತ್ತುಕೊಂಡೆ. ಈಗ ಇಬ್ಬರೂ ಒಟ್ಟಿಗೆ ಫೋನು ಕಾಯ್ತೀವಿ." ಅಜ್ಜಿ ದನಿ ತಗ್ಗಿಸಿದರು. "ಅವಳು ನನ್ನ ಮುಂದೆ ಏನೂ ಆಡೋದಿಲ್ಲ. ನೀನು ಅವಳ ಬಗ್ಗೆ ಬರಿ. ನಿನ್ನ ಕಾಗದದಲ್ಲಾದರೂ ಓದ್ತೀನಿ."

ಜಲಜಾ ಒಪ್ಪಲಿಲ್ಲ. ಒಮ್ಮೆ ಸುಟ್ಟ ಬೆರಳು. ಚೀಟಿಯನ್ನೇನೋ ಮತ್ತೆ ಶುರುಮಾಡಿದರು, ಹೊಸದೊಂದು ಕಟ್ಟಳೆಯ ಜೊತೆ: ಯಾರ ಮನೆಯ ವಿಷಯ ಬರೆದರೂ ಮೊದಲು ಅದೇ ಮನೆಯ ಬಾಗಿಲಲ್ಲಿ ನಿಂತು ಓದಿ ಹೇಳಬೇಕು. ಅವರು ಹೂಂ ಎಂದರೆ ಮಾತ್ರ ಮಾರನೆಯ ದಿನ ಕಾರ್ಬನ್ ಹಾಕುವುದು. ಕೆಲವರು ನಕ್ಕು ಒಪ್ಪಿದರು. ಒಬ್ಬರು, ಗಂಡನ ಗೊರಕೆಯ ಬಗ್ಗೆ ಇನ್ನೂ ಎರಡು ಸಾಲು ಸೇರಿಸಲು ಹೇಳಿದರು. ಮೂವರು ಖಡಾಖಂಡಿತ ಬೇಡ ಎಂದರು. ಆ ಹಾಳೆಗಳನ್ನು ಅವರ ಕೈಗೇ ಕೊಟ್ಟು ಬಂದರು.

ಹನ್ನೊಂದನೇ ಮಹಡಿಗೆ ಹಿಟ್ಟು ಮತ್ತೆ ಹೋಗತೊಡಗಿತು. ಅಂಗಡಿಯ ಹಿಟ್ಟಿನ ದೋಸೆಯನ್ನು ಮಾಚಮ್ಮ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದದ್ದೇ ಕಾರಣ. ಚೋಂದಮ್ಮ ಬಾಗಿಲು ತೆಗೆಯುತ್ತಾರೆ, ಕವರು ತೆಗೆದುಕೊಳ್ಳುತ್ತಾರೆ. ಚೀಟಿಯನ್ನು ಎರಡು ಬೆರಳಲ್ಲಿ ಎಳೆದು, ನೋಡದೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟುಬಿಡುತ್ತಾರೆ. ಅಜ್ಜಿ ಆಮೇಲೆ ಬಂದು ಎತ್ತಿಕೊಳ್ಳುತ್ತಾರೆ. ಮಾತಿಲ್ಲ. "ಬೈದರೂ ಪರವಾಗಿಲ್ಲ," ಎನ್ನುತ್ತಿದ್ದರು ಜಲಜಾ. "ಆ ಬಾಗಿಲಲ್ಲಿ ಒಂದು ಮಾತು ಕೇಳಿಬಿಟ್ಟರೆ ಸಾಕು."

ಈ ಭಾನುವಾರ ಜಲಜಾ ಹನ್ನೊಂದನೇ ಮಹಡಿಯ ಗಂಟೆ ಒತ್ತುವಾಗ ಅವರ ಸ್ವೆಟರಿನ ಜೇಬಿನಲ್ಲಿ ಮಡಿಸಿದ ಒಂದು ಹಾಳೆಯಿದೆ. ಅದು ಆ ಮನೆಯದೇ ವಿಷಯ. ಹೋದ ಭಾನುವಾರ ಕವರು ಕೊಡಲು ಬಂದಾಗ ತೆರೆದ ಬಾಗಿಲಿನಿಂದ ಕಂಡದ್ದು. ಎರಡು ತಿಂಗಳ ಮೇಲೆ ಮೊದಲ ಬಾರಿಗೆ ಆ ಮನೆಯ ಬಗ್ಗೆ ಬರೆದಿದ್ದಾರೆ. ಬೇಡ ಎಂದರೆ ಈ ಮನೆಯ ಬಗ್ಗೆ ಮಾತ್ರವಲ್ಲ, ಇನ್ನು ಬರೆಯುವುದೇ ಬೇಡ ಎಂದು ಮೆಟ್ಟಿಲ ಬುಡದಲ್ಲೇ ನಿಶ್ಚಯಿಸಿಕೊಂಡಿದ್ದಾರೆ.

ಚೋಂದಮ್ಮ ಬಾಗಿಲು ತೆಗೆಯುತ್ತಾರೆ. ಕವರಿಗೆ ಕೈ ಚಾಚುತ್ತಾರೆ.

"ಅಕ್ಕಾ, ಒಂದು ನಿಮಿಷ. ನಿಮ್ಮನೆದು ಬರೆದಿದ್ದೀನಿ. ಓದಲಾ? ಬೇಡ ಅಂದರೆ ಇಲ್ಲೇ ಹರಿದು ಹಾಕ್ತೀನಿ."

ಚೋಂದಮ್ಮ ಚಾಚಿದ ಕೈ ಹಿಂದೆಳೆದುಕೊಳ್ಳುತ್ತಾರೆ. ಕೈಕಟ್ಟಿ ಬಾಗಿಲಿಗೆ ಒರಗುತ್ತಾರೆ. ಜಲಜಾ ಓದುತ್ತಾರೆ.

"ಭಾನುವಾರ ಬೆಳಿಗ್ಗೆ ಈ ಮನೆಗೆ ಫೋನು ಬರುತ್ತದೆ. ಅತ್ತೆ ಸೊಸೆ ಒಂದೇ ಸೋಫಾದ ಮೇಲೆ ಕೂತು ಕಾಯುತ್ತಾರೆ. ಮೊದಲು ಅತ್ತೆ ಮಾತಾಡುತ್ತಾರೆ. ಉಂಡೆಯಾ ಎನ್ನುತ್ತಾರೆ. ಉತ್ತರ ಬರುವವರೆಗೆ ಇಬ್ಬರೂ ಗಡಿಯಾರ ನೋಡುತ್ತಾರೆ. ಆಮೇಲೆ ಸೊಸೆಯ ಸರದಿ. ಅವರು ಹಾಲಿನ ಲೆಕ್ಕ ಹೇಳುತ್ತಾರೆ, ಲಿಫ್ಟು ಕೆಟ್ಟದ್ದು ಹೇಳುತ್ತಾರೆ, ನಗುತ್ತಾರೆ. ಫೋನು ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ಅಳುತ್ತಾರೆ. ಆಮೇಲೆ ಈರುಳ್ಳಿ ಹೆಚ್ಚುತ್ತಾರೆ. ಮೂವರಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಈರುಳ್ಳಿ."

ಓದಿ ಮುಗಿಯುತ್ತದೆ. ಒಳಗಿನಿಂದ ಮಾಚಮ್ಮನ ಕೋಲಿನ ಸದ್ದು ಹತ್ತಿರ ಬಂದು ನಿಲ್ಲುತ್ತದೆ. ಚೋಂದಮ್ಮ ಹಾಳೆಗೆ ಕೈ ಚಾಚಿ, ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ತುಟಿ ಅಲುಗಿಸುತ್ತ ತಾವೇ ಒಮ್ಮೆ ಓದಿಕೊಳ್ಳುತ್ತಾರೆ. ಒಂದು ಕಡೆ ಬೆರಳಿಡುತ್ತಾರೆ.

"ಈ 'ಅಳುತ್ತಾರೆ' ಅನ್ನೋದು ತೆಗೀರಿ. ನಾನು ಅಳಲ್ಲ."

ಜಲಜಾ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಆ ಮಾತು ಹೊಡೆದು ಹಾಕುತ್ತಾರೆ. ಪೆನ್ನು ಇನ್ನೊಂದು ಸಾಲು ಕೆಳಗೆ ಹೋಗಿ ಅನುಮಾನಿಸುತ್ತದೆ.

"ಈರುಳ್ಳಿ, ಅಕ್ಕಾ?"

"ಈರುಳ್ಳಿ ಇರಲಿ."